ಮಾವನವರ ಅಂಗಡಿಯ ವಿಳಾಸ

ಮನೆಗೆ ಅತಿಥಿಗಳು ಬಂದ ದಿನವೇ ಮಿಕ್ಸಿ ಕೆಡಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನಾನರಿಯೆ. ನಮ್ಮ ಮನೆಯಲ್ಲಂತೂ ಆ ಶಾಸ್ತ್ರ ತಪ್ಪದೆ ನಡೆಯುತ್ತದೆ. 2024ರ ಆಷಾಢದ ಒಂದು ಭಾನುವಾರ ನನ್ನ ಷಡ್ಡಕರು ಸಕುಟುಂಬರಾಗಿ ಬಂದಿದ್ದರು. ದೋಸೆಯ ಕಾವಲಿ ಒಲೆಯ ಮೇಲೆ ಕಾಯುತ್ತಿತ್ತು. ತೆಂಗಿನಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿಗಳನ್ನು ಹೊಟ್ಟೆಯಲ್ಲಿ ತುಂಬಿಕೊಂಡ ಜಾರು ಒಮ್ಮೆ ಗುರ್ ಎಂದಿತು; ಒಂದಿಷ್ಟು ಸುಟ್ಟ ವಾಸನೆಯನ್ನು ಹೊರಗೆ ಬಿಟ್ಟಿತು; ಅನಂತರ ಮೌನವ್ರತವನ್ನು ಕೈಗೊಂಡಿತು. ಅಂದು ದೋಸೆಗೆ ಚಟ್ನಿಪುಡಿಯೇ ಗತಿಯಾಯಿತು.

ಷಡ್ಡಕರು ಬೆಂಗಳೂರಿನವರು. ಎಂಥ ಸಂಕಟಕ್ಕೂ ಮೊದಲು ಜೇಬಿಗೆ ಕೈಹಾಕಿ ಫೋನು ತೆಗೆಯುವ ಪೈಕಿಯವರು. ಮೈಸೂರಿನಲ್ಲಿ ಮಿಕ್ಸಿ ರಿಪೇರಿ ಎಲ್ಲಿ ಮಾಡುತ್ತಾರೆಂದು ಗೂಗಲನ್ನು ಕೇಳಿ, ಕ್ಷಣಾರ್ಧದಲ್ಲಿ ಮೂರು ಅಂಗಡಿಗಳ ಹೆಸರನ್ನು ಓದಿ ಹೇಳಿದರು. ಒಂದು ಸರಸ್ವತೀಪುರದಲ್ಲಿ, ಉಳಿದೆರಡು ಕುವೆಂಪುನಗರದಲ್ಲಿ.

"ಅಷ್ಟು ದೂರವೇಕೆ? ಇಲ್ಲೇ ಅಗ್ರಹಾರದಲ್ಲಿ ನನ್ನ ಸೋದರಮಾವನವರ ಅಂಗಡಿಯಿದೆ. ಮೂವತ್ತಾರು ವರ್ಷದಿಂದ ಮಿಕ್ಸಿ, ಗ್ರೈಂಡರುಗಳನ್ನೇ ರಿಪೇರಿ ಮಾಡುತ್ತಿದ್ದಾರೆ" ಎಂದು ನಾನು ಹೆಮ್ಮೆಯಿಂದ ನುಡಿದೆ.

ಷಡ್ಡಕರು ಹೆಬ್ಬೆರಳಿನಿಂದ ಫೋನಿನ ಮುಖವನ್ನು ಮೇಲಕ್ಕೂ ಕೆಳಕ್ಕೂ ನೀವಿದರು. "ಇಲ್ಲಿ ಇಲ್ಲವಲ್ಲ!" ಎಂದರು.

ಅವರ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಆದರೂ ನನಗೆ, ಮಾವನವರೇ ಇಲ್ಲವೆಂದು ಯಾರೋ ಹೇಳಿದಂತಾಯಿತು.

ಮರುದಿನ ಕಾಲೇಜಿನಿಂದ ಬರುವಾಗ ಮಿಕ್ಸಿಯನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಅಗ್ರಹಾರಕ್ಕೆ ಹೋದೆ. ನೂರೊಂದು ಗಣಪತಿ ದೇವಸ್ಥಾನದಿಂದ ಸ್ವಲ್ಪ ದೂರ ನಡೆದು ಒಂದು ಓಣಿಗೆ ತಿರುಗಿದರೆ ಮಾವನವರ ಅಂಗಡಿ. ಹತ್ತಡಿ ಉದ್ದ, ಎಂಟಡಿ ಅಗಲ. ಗೋಡೆಯ ತುಂಬ ಹಲಗೆಗಳು. ಹಲಗೆಗಳ ಮೇಲೆ ಹೊಟ್ಟೆ ಬಿಚ್ಚಿದ ಯಂತ್ರಗಳು. ಪ್ರತಿಯೊಂದರ ಕೊರಳಿಗೂ ಹೆಸರಿನ ಚೀಟಿ. ನಾನು ಹುಡುಗನಾಗಿದ್ದಾಗ ಅಲ್ಲಿ ಕಾಲಿಡಲು ಸ್ಥಳವಿರುತ್ತಿರಲಿಲ್ಲ. ಅಂದು ಹಲಗೆಗಳು ಮುಕ್ಕಾಲು ಪಾಲು ಖಾಲಿಯಾಗಿದ್ದವು. ಮಾವ ಮುಂಜಾನೆಯ ಪತ್ರಿಕೆಯನ್ನು ಸಂಜೆಯ ಹೊತ್ತಿನಲ್ಲಿ ಎರಡನೆಯ ಸಲ ಓದುತ್ತಿದ್ದರು.

"ಈಗ ಯಾರು ರಿಪೇರಿ ಮಾಡಿಸುತ್ತಾರೆ ಕಣಯ್ಯ? ಕೆಟ್ಟರೆ ಹೊಸದು ತರುತ್ತಾರೆ" ಎಂದರು. ಮಿಕ್ಸಿಯ ತಳ ಬಿಚ್ಚಿ, ಮೂಸಿ ನೋಡಿ, "ಕಾರ್ಬನ್ ಬ್ರಷ್ ಸವೆದಿದೆ. ಆರ್ಮೇಚರ್ ಉಳಿದುಕೊಂಡಿದೆ. ನಿನ್ನ ಪುಣ್ಯ" ಎಂದರು. ಆಮೇಲೆ, ಏನೂ ವಿಶೇಷವಲ್ಲವೆಂಬ ಧ್ವನಿಯಲ್ಲಿ, ಯುಗಾದಿಗೆ ಬಾಡಿಗೆಯ ಕರಾರು ಮುಗಿಯುವುದೆಂದೂ, ಮಗ ಅಂಗಡಿ ಮುಚ್ಚಿ ತನ್ನ ಬಳಿಗೆ ಬೆಂಗಳೂರಿಗೆ ಬಂದುಬಿಡಿ ಎನ್ನುತ್ತಿರುವನೆಂದೂ ತಿಳಿಸಿದರು.

ಜನ ಹೊಸದನ್ನೇ ಕೊಳ್ಳುವುದು ನಿಜವಾದರೆ ಸರಸ್ವತೀಪುರದ ಅಂಗಡಿಯ ಹೆಸರಿನ ಕೆಳಗೆ ಇನ್ನೂರು ಮಂದಿ ಬರೆದ ಅಭಿಪ್ರಾಯಗಳು ಎಲ್ಲಿಂದ ಬಂದವು? ಇದನ್ನು ಕೇಳಿದಾಗ ಮಾವ ತಲೆ ಕೆರೆದುಕೊಂಡು ಒಂದು ಹಳೆಯ ಕಥೆಯನ್ನು ಹೊರಗೆಡಹಿದರು. ವರ್ಷದ ಹಿಂದೆ ಯಾರೋ ಒಬ್ಬ ಫೋನು ಮಾಡಿ, ತಾನು ಗೂಗಲ್ಲಿನ ಕಡೆಯವನೆಂದೂ, ಆರು ಸಾವಿರ ರೂಪಾಯಿ ಕೊಟ್ಟರೆ ಅಂಗಡಿಯನ್ನು ಮೊದಲ ಸ್ಥಾನದಲ್ಲಿ ಕೂರಿಸುವೆನೆಂದೂ ಹೇಳಿದನಂತೆ. ಮಾವ ಕೊಟ್ಟರು. ಅತ್ತೆಗೆ ಹೇಳಲಿಲ್ಲ. ಅವನ ಫೋನು ತಿಂಗಳೊಳಗೆ ಮೂಕವಾಯಿತು.

ಈ ವಿಷಯವನ್ನು ನಾನು ಅಂದು ರಾತ್ರಿ ಕುಳಿತು ಓದಿದೆ. ಹತ್ತಿರದ ಅಂಗಡಿಯನ್ನು ಹುಡುಕಿದಾಗ ಭೂಪಟದೊಡನೆ ಮೇಲೆ ಕಾಣುವ ಹೆಸರುಗಳು ಸಾಮಾನ್ಯವಾಗಿ ಮೂರು. ಮೊದಲು ಏಳಿದ್ದವು, 2015ರ ಆಗಸ್ಟಿನಲ್ಲಿ ಮೂರಕ್ಕೆ ಇಳಿದವು. ಆ ಮೂರರಲ್ಲಿ ಯಾರಿರಬೇಕೆಂಬುದಕ್ಕೆ ಗೂಗಲ್ ಸಂಸ್ಥೆಯೇ ಹೇಳುವ ಲಕ್ಷಣಗಳೂ ಮೂರು: ಹುಡುಕುವವನು ಕೇಳಿದ ಕೆಲಸಕ್ಕೂ ಅಂಗಡಿಗೂ ಇರುವ ಹೊಂದಿಕೆ, ಅವನಿರುವ ಸ್ಥಳಕ್ಕೂ ಅಂಗಡಿಗೂ ಇರುವ ದೂರ, ಮತ್ತು ಅಂಗಡಿಯ ಪ್ರಸಿದ್ಧಿ. ಜಾಹೀರಾತಿನ ಜಾಗವನ್ನು ಬೇರೆಯಾಗಿ ಕೊಳ್ಳಬಹುದು. ಈ ಪಟ್ಟಿಯಲ್ಲಿ ಮೇಲಿನ ಸ್ಥಾನವನ್ನು ದುಡ್ಡು ತೆತ್ತು ಪಡೆಯುವಂತಿಲ್ಲವೆಂದು ಅವರೇ ಸ್ಪಷ್ಟವಾಗಿ ಬರೆದಿದ್ದಾರೆ. ಆರು ಸಾವಿರ ಪಡೆದ ಮಹಾಶಯ ಮಾರಿದ್ದು ತನ್ನದಲ್ಲದ, ಯಾರದೂ ಅಲ್ಲದ ಸೊತ್ತನ್ನು. ಟೆಲಿಫೋನ್ ಡೈರೆಕ್ಟರಿಯ ಕಾಲವೇ ವಾಸಿಯೆನಿಸಿತು. ಆಗ ಅಂಗಡಿಗೆ 'ಎ-ವನ್' ಎಂದು ಹೆಸರಿಟ್ಟರೆ ಅಕ್ಷರಮಾಲೆಯೇ ಎತ್ತಿ ಮೊದಲಿನಲ್ಲಿ ಕೂರಿಸುತ್ತಿತ್ತು.

ಹುಡುಕಿ ಹುಡುಕಿ, ಭೂಪಟದ ಒಂದು ಮೂಲೆಯಲ್ಲಿ, ವಿದ್ಯಾರಣ್ಯಪುರದ ಯಾವುದೋ ಬೀದಿಯ ಮೇಲೆ ಮಾವನವರ ಅಂಗಡಿಯನ್ನು ಕಂಡುಹಿಡಿದೆ. ಮನೆದೇವರ ಹೆಸರಿನ ಆ ಪುಟ್ಟ ಅಂಗಡಿಗೆ ಮಹಾಶಯ ಅತ್ಯುತ್ತಮ, ಅತಿ ಅಗ್ಗದ, ಸಮಸ್ತ ಕಂಪೆನಿಗಳ ಎಂದು ಬಾಲದ ಮೇಲೆ ಬಾಲ ಕಟ್ಟಿದ್ದ. ಬೋರ್ಡಿನ ಮೇಲಿರುವ ಹೆಸರನ್ನಲ್ಲದೆ ಬೇರೊಂದನ್ನು ಸೇರಿಸುವುದು ನಿಯಮಕ್ಕೆ ವಿರುದ್ಧ. ಅಂಥ ಅಂಗಡಿಯನ್ನು ಪಟ್ಟಿಯಿಂದಲೇ ತೆಗೆಯಬಹುದು. ವರ್ಗವೆಂಬಲ್ಲಿ ರಿಪೇರಿ ಎಂದಿರಬೇಕಾದದ್ದು ವಿದ್ಯುತ್ ಸಾಮಾನು ಮಾರುವ ಅಂಗಡಿ ಎಂದಿತ್ತು. ಫೋನಿನ ಸಂಖ್ಯೆ ಮಾವನವರದಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಒಡೆತನ ಆ ಮಹಾಶಯನ ಹೆಸರಿನಲ್ಲಿತ್ತು. ಬೀಗ ನಮ್ಮದು, ಬೀಗದ ಕೈ ಅವನದು.

ಒಡೆತನವನ್ನು ಬಿಟ್ಟುಕೊಡೆಂದು ಅರ್ಜಿ ಹಾಕಿದರೆ ಈಗಿರುವ ಒಡೆಯನಿಗೆ ಉತ್ತರಿಸಲು ಮೂರು ದಿನ ಅವಕಾಶವಿರುತ್ತದೆ. ಮಹಾಶಯ ಉತ್ತರಿಸಲಿಲ್ಲ. ಅನಂತರ ಅಂಗಡಿ ನಿಜವಾಗಿ ಇರುವುದೆಂದೂ, ಅದು ಮಾವನವರದೇ ಎಂದೂ ನಾವು ವಿಡಿಯೋ ತೆಗೆದು ತೋರಿಸಬೇಕಾಗಿತ್ತು. ಮೊದಲ ಕಾಲದಲ್ಲಿ ಅಂಚೆಯಲ್ಲಿ ಕಾರ್ಡು ಬರುತ್ತಿತ್ತಂತೆ. ನಮ್ಮ ಪಾಲಿಗೆ ಬಂದದ್ದು ಚಲನಚಿತ್ರ. ಬೀದಿ ಕಾಣಬೇಕು, ಬೋರ್ಡು ಕಾಣಬೇಕು, ಉಪಕರಣಗಳು ಕಾಣಬೇಕು, ಒಡೆಯನಲ್ಲದೆ ಇನ್ನೊಬ್ಬನು ಮಾಡಲಾಗದ ಕೆಲಸವೊಂದು ಕಾಣಬೇಕು, ನಡುವೆ ಕತ್ತರಿಸುವಂತಿಲ್ಲ.

ಚಿತ್ರೀಕರಣದ ದಿನ ಮಾವ ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು ಬಂದರು. ಮೊದಲನೆಯ ಸಲ ಓಣಿಯ ಹಸುವೊಂದು ಬೋರ್ಡಿಗೆ ಅಡ್ಡ ನಿಂತಿತು. ಎರಡನೆಯ ಸಲ ಎದುರುಮನೆಯವರು, "ಏನು ಸಮಾಚಾರ? ಅಂಗಡಿ ಮಾರುತ್ತೀರಾ?" ಎಂದು ಕೇಳಿಬಿಟ್ಟರು. ಮಾವ ಉತ್ತರಿಸಲು ನಿಂತರು. ಮೂರನೆಯ ಸಲ ಸೊಂಟದ ಬೀಗದ ಕೈಯನ್ನು ತೆಗೆದು, ಕುಕ್ಕರಗಾಲಿನಲ್ಲಿ ಕುಳಿತು, ಬೀಗ ತೆರೆದು, ಷಟರನ್ನು ಎರಡೂ ಕೈಗಳಿಂದ ಎತ್ತಿದರು. ಆ ಷಟರು ಅರ್ಧಕ್ಕೆ ಬಂದಾಗ ಒಮ್ಮೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಮೊಣಕೈಯಿಂದ ಒಂದು ಏಟು ಕೊಡಬೇಕು. ಮಾವ ಅದನ್ನು ಯೋಚಿಸದೆಯೇ ಕೊಟ್ಟರು. ಒಡೆತನಕ್ಕೆ ಅದಕ್ಕಿಂತ ಬೇರೆ ಪುರಾವೆ ಬೇಕೆ ಎಂದು ನನಗನ್ನಿಸಿತು. ಕೆಲವು ದಿನಗಳಲ್ಲಿ ಒಪ್ಪಿಗೆ ಬಂತು.

ಇನ್ನು ನನ್ನ ಪಾಂಡಿತ್ಯದ ಕಥೆ. ಅಂಗಡಿಯಲ್ಲಿ ದೊರೆಯುವ ಸೇವೆಗಳನ್ನು ಬರೆಯಲು ಒಂದು ಜಾಗವಿತ್ತು. ಕನ್ನಡ ಎಂ.ಎ. ಮಾಡಿದವನ ಕೈಗೆ ಅಂಥ ಜಾಗ ಸಿಗಬಾರದು. ನಾನು 'ಪೇಷಣಯಂತ್ರ ದುರಸ್ತಿ' ಎಂದು ಬರೆದೆ. ಗ್ರೈಂಡರಿನ ಕಲ್ಲು ಕಡಿಯುವುದಕ್ಕೆ 'ಆರ್ದ್ರಪೇಷಣಿಯ ಶಿಲಾಸಂಸ್ಕಾರ' ಎಂದು ಬರೆದು, ಮಾವನವರಿಗೆ ಓದಿ ತೋರಿಸಿದೆ.

"ಸಂಸ್ಕಾರವೇ? ಯಾರಯ್ಯ ಹೋದವರು?" ಎಂದರು ಮಾವ.

ಹನ್ನೆರಡನೆಯ ಶತಮಾನದ ನಯಸೇನ, ಕನ್ನಡಕ್ಕೆ ಸಂಸ್ಕೃತವನ್ನು ಸುರಿಯುವವರನ್ನು ಕಂಡು ತುಪ್ಪಕ್ಕೆ ಎಣ್ಣೆ ಬೆರೆಸಿದಂತಾಯಿತೆಂದು ನಕ್ಕಿದ್ದಾನೆ. ಇದನ್ನು ವರ್ಷಕ್ಕೊಮ್ಮೆ ತರಗತಿಯಲ್ಲಿ ವಿವರಿಸುವವನು ನಾನೇ! ಮಾವ ತಮ್ಮ ಬಳಿಗೆ ಬರುವವರ ಮಾತನ್ನೇ ಒಂದೊಂದಾಗಿ ಹೇಳಿದರು. ಮಿಕ್ಸಿ ತಿರುಗುತ್ತಿಲ್ಲ, ಜಾರು ಸೋರುತ್ತಿದೆ, ಬ್ಲೇಡು ಮೊಂಡಾಗಿದೆ, ಕಪ್ಲರ್ ಸವೆದಿದೆ, ಗ್ರೈಂಡರಿನ ಬೆಲ್ಟು ಕಿತ್ತುಹೋಗಿದೆ. ಅವನ್ನೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆ. ಹುಡುಕುವವರು ಹುಡುಕುವುದು ಆ ಮಾತುಗಳನ್ನೇ.

ವೇಳೆಯ ವಿಷಯದಲ್ಲಿ ಸ್ವಲ್ಪ ಚರ್ಚೆಯಾಯಿತು. ತೆರೆದಿರುವ ಅಂಗಡಿಗೆ ಆ ಹೊತ್ತಿನಲ್ಲಿ ಪ್ರಾಶಸ್ತ್ಯ ಹೆಚ್ಚೆಂದು ತಿಳಿದ ನಾನು, ಇಡೀ ದಿನ ತೆರೆದಿರುವುದೆಂದು ಬರೆಯೋಣವೆಂದೆ. "ಊಟದ ಹೊತ್ತಿನಲ್ಲಿ ಯಾರಾದರೂ ಗ್ರೈಂಡರ್ ಹೊತ್ತುಕೊಂಡು ಬಂದು ಬಾಗಿಲು ನೋಡಿ ಹೋದರೆ, ಪಾಪ ನಿನಗೋ ನನಗೋ?" ಎಂದರು. ಒಂದೂವರೆಯಿಂದ ನಾಲ್ಕರವರೆಗೆ ಮುಚ್ಚಿರುವುದೆಂದೇ ಬರೆದೆವು.

ನಿಜವಾಗಿ ನಾನು ತಲೆತಗ್ಗಿಸಬೇಕಾದ ಪ್ರಸಂಗ ಇದರ ಮುಂದಿನದು. ಬರೆಯಲು ಕೈ ಹಿಂದೆಗೆಯುತ್ತದೆ. ಪ್ರಸಿದ್ಧಿಯೆಂಬುದು ಗಿರಾಕಿಗಳ ಅಭಿಪ್ರಾಯಗಳಿಂದಲೂ ಬರುವಂಥದು. ಮಾವನವರಿಗೆ ಒಂದೂ ಇರಲಿಲ್ಲ. ಯುಗಾದಿ ಸಮೀಪಿಸುತ್ತಿತ್ತು. ನನ್ನ ತರಗತಿಯ ಹದಿನೆಂಟು ವಿದ್ಯಾರ್ಥಿಗಳಿಗೆ ನಾನು ಸಂಗತಿಯನ್ನು ತಿಳಿಸಿ, ಐದು ನಕ್ಷತ್ರಗಳೊಡನೆ ನಾಲ್ಕು ಒಳ್ಳೆಯ ಮಾತು ಬರೆಯಿರೆಂದು ಹೇಳಿದೆ. ಗುರುವಾಕ್ಯವನ್ನು ಅವರು ಎಂದೂ ಅಷ್ಟು ಬೇಗ ನಡೆಸಿಕೊಟ್ಟವರಲ್ಲ. ಒಂದೇ ಮಧ್ಯಾಹ್ನ, ಕಾಲೇಜಿನಲ್ಲಿ ಕುಳಿತು, ಹದಿನೆಂಟು ಮಂದಿಯೂ ಪರೀಕ್ಷೆಯ ಉತ್ತರದ ಧಾಟಿಯಲ್ಲಿ ಬರೆದರು. ಒಬ್ಬ 'ಇಂತಿ ಸಮಾಪ್ತಿ' ಎಂದು ಮುಗಿಸಿದ್ದ.

ಒಂದು ವಾರದಲ್ಲಿ ಅವುಗಳಲ್ಲಿ ಹದಿನಾಲ್ಕು ಮಾಯವಾದವು. ಗಿರಾಕಿಗಳಲ್ಲದವರ ಹೊಗಳಿಕೆಯನ್ನು ಗೂಗಲ್ಲಿನ ನಿಯಮಗಳು ಸೇರಿಸಿಕೊಳ್ಳುವುದಿಲ್ಲ. ನಮ್ಮ ದೇಶದ ಮಾನಕ ಸಂಸ್ಥೆಯೂ ಇಂಥ ಅಭಿಪ್ರಾಯಗಳ ಪ್ರಾಮಾಣಿಕತೆಗಾಗಿ ಐಎಸ್ 19000 ಎಂಬ ಮಾನಕವನ್ನೇ 2022ರ ನವೆಂಬರಿನಲ್ಲಿ ಪ್ರಕಟಿಸಿದೆ. ಇದನ್ನೆಲ್ಲ ನಾನು ಆಮೇಲೆ ಓದಿಕೊಂಡೆ. ಉಳಿದ ನಾಲ್ಕನ್ನು ಮಾವನವರ ಸೊಸೆ ಫೋನಿನಲ್ಲಿ ಓದಿ ಹೇಳಿದ್ದಳು. ನಾನು ಅಂಗಡಿಗೆ ಹೋದಾಗ ಮಾವ ದಪ್ಪ ರಟ್ಟಿನ ಪುಸ್ತಕವೊಂದನ್ನು ಮುಂದೆ ಇಟ್ಟುಕೊಂಡು ಕುಳಿತಿದ್ದರು. ಆ ಪುಸ್ತಕದಲ್ಲಿ ಅವರ ಕೈಸೇರಿದ ಪ್ರತಿಯೊಂದು ಯಂತ್ರವೂ ಇದೆ: ತಾರೀಖು, ಹೆಸರು, ದೋಷ, ಪಡೆದ ಹಣ, ಕೊನೆಯಲ್ಲಿ 'ಹಳೆಯ ಸಾಮಾನು ವಾಪಸು ಕೊಟ್ಟಿದೆ' ಎಂಬ ಒಕ್ಕಣೆ. ಸವೆದ ಬುಷ್ ಆಗಲಿ, ಸುಟ್ಟ ಕಾಯಿಲ್ ಆಗಲಿ, ಬದಲಾಯಿಸಿದ್ದನ್ನು ಪೊಟ್ಟಣ ಕಟ್ಟಿ ಗಿರಾಕಿಯ ಕೈಗೆ ಕೊಡದೆ ಅವರು ಎಂದೂ ಹಣ ಮುಟ್ಟಿದವರಲ್ಲ.

"ಈ ಹುಡುಗರ ಹೆಸರು ಇದರಲ್ಲಿ ಸಿಕ್ಕುತ್ತಿಲ್ಲವಲ್ಲ. ಇವರ ಮಿಕ್ಸಿ ನಾನು ಯಾವಾಗ ಮುಟ್ಟಿದೆ?" ಎಂದು ಕೇಳಿದರು.

ಕೋಪದಿಂದ ಕೇಳಿದ್ದರೆ ಉತ್ತರಿಸಬಹುದಾಗಿತ್ತು. ಅವರು ನಿಜವಾಗಿಯೂ ಹುಡುಕುತ್ತಿದ್ದರು. ತಮ್ಮ ಪುಸ್ತಕದಲ್ಲಿಯೇ ತಪ್ಪಿರಬಹುದೆಂದು ಕನ್ನಡಕ ಒರೆಸಿಕೊಂಡು ಹಿಂದಿನ ಪುಟಗಳನ್ನು ತಿರುವುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಮಾವ ಪುಸ್ತಕವನ್ನು ಮುಚ್ಚಿ, ಅದರ ಮೇಲೆ ಸ್ಕ್ರೂಡ್ರೈವರನ್ನು ಇಟ್ಟು, ಬಹಳ ಹೊತ್ತು ಮಾತನಾಡಲಿಲ್ಲ. ಮರುದಿನ ಆ ನಾಲ್ವರು ಹುಡುಗರಿಂದಲೂ ಬರೆದದ್ದನ್ನು ತೆಗೆಸಿದೆ. ಅವರ ಎದುರು ಕಾರಣ ಹೇಳುವುದು ಮಾವನವರ ಎದುರು ಹೇಳಿದ್ದಕ್ಕಿಂತ ಕಷ್ಟವಾಯಿತು.

ಅನಂತರ ಮಾಡಿದ್ದು ಬಹಳ ಸರಳವಾದ ಕೆಲಸ. ಅಭಿಪ್ರಾಯ ಬರೆಯುವ ಪುಟಕ್ಕೆ ಕರೆದೊಯ್ಯುವ ಕ್ಯೂಆರ್ ಗುರುತನ್ನು ಅಂಗಡಿಯ ಖಾತೆಯಿಂದಲೇ ಪಡೆಯಬಹುದು. ಅದನ್ನು ರಟ್ಟಿನ ಚೀಟಿಗಳ ಮೇಲೆ ಅಚ್ಚು ಹಾಕಿಸಿ, ಹಳೆಯ ಸಾಮಾನಿನ ಪೊಟ್ಟಣದೊಡನೆ ಕೊಡತೊಡಗಿದೆವು. ಬರೆದವರಿಗೆ ಹತ್ತು ರೂಪಾಯಿ ಬಿಡೋಣವೇ ಎಂದು ಅತ್ತೆ ಕೇಳಿದರು. ಹಾಗೆ ಆಸೆ ತೋರಿಸುವುದೂ ನಿಷಿದ್ಧ. ಹತ್ತು ಮಂದಿಯಲ್ಲಿ ಒಬ್ಬರೋ ಇಬ್ಬರೋ ಬರೆಯುತ್ತಿದ್ದರು. ಬರೆದವರಲ್ಲಿ ಬಹುಮಂದಿ ಹೇಳಿದ್ದು ಒಂದನ್ನೇ: ಹಳೆಯ ಸಾಮಾನನ್ನು ಕೈಗೆ ಕೊಡುತ್ತಾರೆ.

ಜನವರಿಯಲ್ಲಿ ಒಬ್ಬ ಮಹಿಳೆ ಒಂದೇ ನಕ್ಷತ್ರ ಕೊಟ್ಟು, ಶುಕ್ರವಾರ ಕೊಡುವೆನೆಂದ ಜಾರನ್ನು ಮುಂದಿನ ಬುಧವಾರ ಕೊಟ್ಟರೆಂದು ಬರೆದರು. ನಾನು ಖಂಡನೆಗೆ ಲೇಖನಿ ಹಿಡಿದೆ. ಮಾವ ಪುಸ್ತಕ ನೋಡಿ, "ನಿಜ. ಬ್ಲೇಡು ಬಂದಿರಲಿಲ್ಲ. ಫೋನು ಮಾಡಿ ಹೇಳಬೇಕಾಗಿತ್ತು, ಮರೆತೆ. ಹಾಗೆಯೇ ಬರೆ" ಎಂದರು. ಹಾಗೆಯೇ ಬರೆದೆ. ಆ ಒಂದು ನಕ್ಷತ್ರ ಇಂದಿಗೂ ಅಲ್ಲೇ ಇದೆ. ಮಾರ್ಚಿಯಲ್ಲಿ ಅದೇ ಮಹಿಳೆ ತಮ್ಮ ತಾಯಿಯ ಗ್ರೈಂಡರನ್ನು ಆಟೋದಲ್ಲಿ ತಂದರು.

2025ರ ಯುಗಾದಿಯ ಹೊತ್ತಿಗೆ ಅಗ್ರಹಾರದಲ್ಲೋ ಚಾಮುಂಡಿಪುರದಲ್ಲೋ ನಿಂತು ಹುಡುಕಿದರೆ ಮಾವನವರ ಅಂಗಡಿ ಮೂರರಲ್ಲಿ ಒಂದಾಗಿ ಕಾಣುತ್ತಿತ್ತು. ಕುವೆಂಪುನಗರದಲ್ಲಿ ನಿಂತು ಹುಡುಕಿದರೆ ಕಾಣುತ್ತಿರಲಿಲ್ಲ. ದೂರವೆಂಬ ಲಕ್ಷಣವನ್ನು ಯಾವ ಜಾಣತನವೂ ಗೆಲ್ಲಲಾರದು. ನಾನು ಪೇಚಾಡಿದಾಗ ಮಾವ, "ಅಲ್ಲಿಯವರಿಗೆ ಕಂಡು ಏನಾಗಬೇಕು? ಗ್ರೈಂಡರ್ ಹೊರುವವರು ಅವರೇ ತಾನೆ?" ಎಂದರು. ಬಾಡಿಗೆಯ ಕರಾರನ್ನು ಇನ್ನು ಹನ್ನೊಂದು ತಿಂಗಳಿಗೆ ಬರೆಸಿದರು. ಮಗ ಬಂದವನು ಒಂದು ದಿನ ಅಂಗಡಿಯಲ್ಲಿ ಕುಳಿತು, ಬೆಂಗಳೂರಿನ ಮಾತನ್ನು ಎತ್ತದೆ ಹೋದ.

ಮೊನ್ನೆ ನಮ್ಮ ಮಿಕ್ಸಿ ಮತ್ತೆ ನಿಂತಿತು. ಈ ಸಲ ಜಾರಿನ ಬುಷ್. ಸಂಜೆ ಹೋದರೆ ಅಂಗಡಿಯ ಮುಂದೆ ಇಬ್ಬರು ನಿಂತಿದ್ದರು, ಹಲಗೆಗಳು ತುಂಬಿದ್ದವು. ಶನಿವಾರ ಮನೆಗೆ ಷಡ್ಡಕರು ಬರುವರೆಂದೂ, ಇಂದೇ ಆಗಬೇಕೆಂದೂ ನಾನು ಸಲಿಗೆಯಿಂದ ಹೇಳಿದೆ. ಮಾವ ತಲೆಯೆತ್ತದೆ ಪುಸ್ತಕದಲ್ಲಿ ನನ್ನ ಹೆಸರನ್ನು ಬರೆದುಕೊಂಡು, ಚೀಟಿಯನ್ನು ಜಾರಿನ ಕೊರಳಿಗೆ ಕಟ್ಟಿ, "ನಿನಗಿಂತ ಮುಂಚೆ ಒಂಬತ್ತು ಇವೆ. ಸೋಮವಾರ ಬಾ" ಎಂದರು.