ಕಂಪ್ಯೂಟರಿನೊಳಗೆ ಅಪ್ಪನ ಬರಹ

2025ರ ಅಕ್ಟೋಬರ್ 14ರ ನಂತರ ವಿಂಡೋಸ್ 10ಕ್ಕೆ ಮಾಮೂಲಿನ ಭದ್ರತಾ ಪರಿಷ್ಕರಣೆಗಳು ಬರುವುದಿಲ್ಲ ಎಂದು ಮೈಕ್ರೋಸಾಫ್ಟ್ ಬಹಳ ಮೊದಲೇ ಸಾರಿತ್ತು. ನಮ್ಮೂರು ಹುಂಚದಲ್ಲಿ ಆ ಹೊತ್ತಿಗೆ ಭೂಮಿ ಹುಣ್ಣಿಮೆ ಕಳೆದು ಒಂದು ವಾರ, ದೀಪಾವಳಿಗೆ ಇನ್ನೊಂದು ವಾರ. ಅಡಿಕೆ ಕೊಯ್ಲಿಗೆ ಆಳು ಸಿಗುತ್ತಾರೋ ಇಲ್ಲವೋ ಎಂಬ ಮಾತೇ ಮನೆಮನೆಯಲ್ಲಿ. ನನಗೆ ಮಾತ್ರ ಜಗಲಿಯ ಪಕ್ಕದ ಕೋಣೆಯಲ್ಲಿದ್ದ ಕಂಪ್ಯೂಟರಿನದೇ ಚಿಂತೆ.

ಮಲೆನಾಡಿನಲ್ಲಿ ಇಂಥ ಕೆಲಸಕ್ಕೂ ಕಾಲ ನೋಡಬೇಕು. ಏಪ್ರಿಲ್, ಮೇಯಲ್ಲಿ ದೂರದಲ್ಲಿ ಗುಡುಗು ಕೇಳಿದರೂ ಸಾಕು, ಪ್ಲಗ್ಗು ಕಿತ್ತಿಡುತ್ತೇವೆ. ಮಳೆ ಹಿಡಿಯಿತೆಂದರೆ ಮರ ಬಿದ್ದು ಲೈನು ಹರಿಯುತ್ತದೆ, ಕರೆಂಟಿಗೆ ಹೊತ್ತುಗೊತ್ತಿಲ್ಲ. ಹೊಸ ಆಪರೇಟಿಂಗ್ ಸಿಸ್ಟಂ ಡಿಸ್ಕಿಗೆ ಅರ್ಧ ಇಳಿದಿರುವಾಗ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಹಾಗಾಗಿ ಈ ಕೆಲಸಕ್ಕೆ ದೀಪಾವಳಿಯ ಆಸುಪಾಸಿನ ದಿನಗಳೇ ಒಳ್ಳೆಯವು.

ವಿಂಡೋಸ್ 11 ಹಾಕೋಣವೆಂದರೆ ನಮ್ಮ ಯಂತ್ರಕ್ಕೆ ಅದು ಒಗ್ಗುವುದಿಲ್ಲ. 2021ರಲ್ಲಿ ಬಂದ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದೋ ಈಚಿನದೋ ಆಗಿರಬೇಕು. ನಮ್ಮದು ನಾಲ್ಕನೇ ತಲೆಮಾರಿನ ಐ3. ಪಹಣಿ ತೆಗೆಯುತ್ತದೆ, ಮಂಡಿಯ ಲೆಕ್ಕ ಇಡುತ್ತದೆ, ಮಕ್ಕಳ ಶಾಲೆಯ ಕೆಲಸ ಮುಗಿಸಿಕೊಡುತ್ತದೆ. ದುಡಿಯುತ್ತಿರುವ ಯಂತ್ರವನ್ನು ಒಂದು ಚಿಪ್ ಇಲ್ಲವೆಂದು ಗುಜರಿಗೆ ಹಾಕುವುದು ನನಗೆ ಸರಿಕಾಣಲಿಲ್ಲ. ಊರೂರಲ್ಲಿ ಇಂಥ ಎಷ್ಟು ಕಂಪ್ಯೂಟರುಗಳಿವೆಯೋ! ಇನ್ನೊಂದು ವರ್ಷದ ಮಟ್ಟಿಗೆ ಭದ್ರತಾ ಪರಿಷ್ಕರಣೆಗೆ ನೋಂದಾಯಿಸಿಕೊಳ್ಳುವ ದಾರಿಯೂ ಇತ್ತು, ಆದರೆ ಅದು 2026ರ ಅಕ್ಟೋಬರಿಗೆ ಮುಗಿಯುತ್ತದೆ. ಅಣ್ಣನ ಮಗ ಇಂಜಿನಿಯರಿಂಗ್ ಓದುವವನು, "ಚಿಕ್ಕಪ್ಪ, ಲಿನಕ್ಸ್ ಮಿಂಟ್ ಹಾಕಿ. 2029ರವರೆಗೆ ಯೋಚನೆ ಇಲ್ಲ" ಎಂದ. ಮಿಂಟ್ 22 ನಿಂತಿರುವುದು ಉಬುಂಟುವಿನ 2024ರ ದೀರ್ಘಾವಧಿ ಆವೃತ್ತಿಯ ಮೇಲೆ. ಅವನ ಮಾತು ಸರಿಯೇ. ಪೆನ್‌ಡ್ರೈವಿನಲ್ಲಿ ಅದನ್ನು ತಂದೂ ಕೊಟ್ಟ.

ಆದರೂ ನಾನು ತಡೆದೆ. ಅಮ್ಮ ಒಂದು ಮಾತು ಕೇಳಿದ್ದರು: "ಅವರು ಬರೆದಿದ್ದೆಲ್ಲ ಇರ್ತದಲ್ಲ ಮಗಾ?"

ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು, ನಿವೃತ್ತಿಯಾದ ಮೇಲೆ ಟೈಪು ಕಲಿತರು. ಸುತ್ತಲಿನ ಕೆರೆಗಳ ಹೆಸರು, ಯಾವ ಕೆರೆಯ ನೀರು ಯಾವ ಬಯಲಿಗೆ ಹೋಗುತ್ತಿತ್ತು, ಬಿಲ್ಲೇಶ್ವರದ ಗುಡ್ಡದಲ್ಲಿ ಕುಮುದ್ವತಿ ಹುಟ್ಟುವ ಜಾಗದ ಬಗ್ಗೆ ಹಿರಿಯರು ಹೇಳಿದ್ದು, ಯಾವ ಮನೆತನ ಎಲ್ಲಿಂದ ಬಂದು ನೆಲೆಸಿತು, ರಾಶಿ, ಬೆಟ್ಟೆ, ಗೊರಬಲು ಅಡಿಕೆಯ ವರ್ಷವರ್ಷದ ಧಾರಣೆ, ಹೀಗೆ ಕಿವಿಗೆ ಬಿದ್ದದ್ದನ್ನೆಲ್ಲ ಕೂಡಿಸಿಟ್ಟರು. ಅವರು ತೀರಿಕೊಂಡ ಮೇಲೆ ಈ ವಿಷಯಗಳಲ್ಲಿ ಎಷ್ಟೋ ಸಂಗತಿ ಹೇಳಬಲ್ಲವರು ಊರಲ್ಲಿ ಉಳಿದಿಲ್ಲ. ಎಲ್ಲವೂ ನುಡಿ ತಂತ್ರಾಂಶದಲ್ಲಿ ಟೈಪಾದದ್ದು.

ಕನ್ನಡ ಗಣಕ ಪರಿಷತ್ತು ರೂಪಿಸಿ ಸರ್ಕಾರ ಹಂಚಿದ ನುಡಿ, ಅದಕ್ಕೂ ಮೊದಲು 1998ರಲ್ಲಿ ಶೇಷಾದ್ರಿವಾಸು ಹೊರತಂದ ಬರಹ, ಈ ಎರಡರ ಋಣ ಕನ್ನಡಿಗರ ಮೇಲೆ ದೊಡ್ಡದಿದೆ. ಅವು ಇಲ್ಲದಿದ್ದರೆ ಅಪ್ಪನಂಥವರು ಕೀಲಿಮಣೆಯ ಮುಂದೆ ಕೂರುತ್ತಲೇ ಇರಲಿಲ್ಲ. ಆದರೆ ಆ ಕಾಲದ ಕಂಪ್ಯೂಟರಿಗೆ ಕನ್ನಡವೆಂಬ ಲಿಪಿಯೊಂದಿದೆ ಎಂಬುದೇ ತಿಳಿದಿರಲಿಲ್ಲ. ರೋಮನ್ ಅಕ್ಷರ ಮತ್ತು ಚಿಹ್ನೆಗಳಿಗೆಂದು ಇದ್ದ 256 ಮನೆಗಳಲ್ಲಿ ಕನ್ನಡದ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಿ ಫಾಂಟು ಮಾಡಿದರು. ಪರದೆಯ ಮೇಲೆ ಕಾಣುವುದು ಕನ್ನಡ, ಫೈಲಿನಲ್ಲಿ ಕೂತಿರುವುದು ರೋಮನ್ ಗುರುತು. ಫಾಂಟು ತೆಗೆದು ನೋಡಿದರೆ 'ಕನ್ನಡ' ಎಂಬ ಮೂರು ಅಕ್ಷರದ ಜಾಗದಲ್ಲಿ ಒಂದು ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೀಟಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಹೀಗೆ ಸಾಲು ಹೋಗುತ್ತದೆ. ಅಪ್ಪನ ಬರಹವನ್ನು ಹಾಗೆ ನೋಡಿದ ದಿನ ಎದೆ ಧಸಕ್ಕೆಂದಿತು.

ನುಡಿಯ ಫಾಂಟುಗಳನ್ನೂ ಮಿಂಟಿಗೆ ನಕಲಿಸಿದರೆ ಪರದೆಯಲ್ಲಿ ಕನ್ನಡ ಮರಳುತ್ತದೆ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಆ ಫೈಲು ಫೋನಿನಲ್ಲಿ ತೆರೆಯುವ ಮೊಮ್ಮಕ್ಕಳಿಗೆ ಮತ್ತದೇ ಪಿ, ಎ, ಪೌಂಡು. 'ಮುತ್ತಿನಕೆರೆ' ಎಂದು ಯೂನಿಕೋಡಿನಲ್ಲಿ ಹುಡುಕಿದರೆ, ಅಪ್ಪ ಹತ್ತು ಕಡೆ ಬರೆದಿದ್ದರೂ ಒಂದೂ ಸಿಗುವುದಿಲ್ಲ. ಬರಹ ಒಂದು ಫಾಂಟಿನ ಹಂಗಿನಲ್ಲಿ ಇರುವವರೆಗೂ ಅದು ಉಳಿದಿದೆ ಎನ್ನಲು ನನಗೆ ಧೈರ್ಯವಿಲ್ಲ. ಯೂನಿಕೋಡಿನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ ಬೇರೆಯೇ 128 ಮನೆಗಳಿವೆ. ಅಲ್ಲಿ ಉಳಿಯುವುದು ಅಕ್ಷರವೇ ಹೊರತು ಅಕ್ಷರದ ಚಿತ್ರವಲ್ಲ. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಅದನ್ನು ಮನೆಮನೆಯ ಕಂಪ್ಯೂಟರಿಗೂ ತಂದಿತ್ತು, ಆದರೆ ಕೈಗೆ ಕೂತ ರೂಢಿ ಬಿಡುವುದು ಸುಲಭವಲ್ಲ. ಕುಪ್ಪಳಿಯ ಮನೆತನದ ಪೂರ್ಣಚಂದ್ರ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಅಷ್ಟು ತಲೆಕೆಡಿಸಿಕೊಂಡಿದ್ದರ ಬೆಲೆ ನನಗೆ ಅರ್ಥವಾದದ್ದು ಈ ಫೈಲುಗಳ ಮುಂದೆ ಕೂತಾಗಲೇ.

ಆದ್ದರಿಂದ ಮೊದಲು ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿದೆ. ಅದರ ಇನ್ನೊಂದು ಪ್ರತಿ ಬೆಂಗಳೂರಿನಲ್ಲಿರುವ ಅಕ್ಕನ ಮನೆಗೆ ಹೋಯಿತು. ಆಮೇಲೆ ಪರಿವರ್ತಕ ಇಟ್ಟುಕೊಂಡು ಒಂದೊಂದೇ ಫೈಲು ಯೂನಿಕೋಡಿಗೆ. ಯಂತ್ರಕ್ಕೆ ಬಿಟ್ಟು ಎದ್ದುಹೋಗುವ ಕೆಲಸವಲ್ಲ ಅದು. ನುಡಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ಮೊದಲು ಬರಬೇಕು. 'ತೀರ್ಥಹಳ್ಳಿ' ಕೆಡದೆ ಬಂದಿದೆಯೇ ಎಂದು ಪ್ರತಿ ಪುಟದಲ್ಲಿ ನೋಡಬೇಕಾಯಿತು. ಅಪ್ಪ ನಡುನಡುವೆ ಇಂಗ್ಲಿಷಿನಲ್ಲಿ ಬರೆದಿದ್ದ ಗಿಡಮರಗಳ ಶಾಸ್ತ್ರೀಯ ಹೆಸರುಗಳನ್ನೂ ಪರಿವರ್ತಕ ಕನ್ನಡವೆಂದೇ ಬಗೆದು ಕಲಸುಮೇಲೋಗರ ಮಾಡಿತು. ರೋಮನ್ ಅಕ್ಷರ ಕಂಡರೆ ತಿರುಗಿಸುವುದೇ ಅದರ ಕೆಲಸ, ಪಾಪ. ನಮ್ಮ ಪಕ್ಕದ ರಿಪ್ಪನ್‌ಪೇಟೆಯೋ, ನಕಾರಕ್ಕೆ ಪಕಾರದ ಒತ್ತು ಸಿಕ್ಕಿಸಿಕೊಂಡು ಗುರುತೇ ಸಿಗದಂತಾಗಿತ್ತು. ನಡುವೆ ಕಣ್ಣಿಗೆ ಕಾಣದ ತಡೆಗುರುತೊಂದನ್ನು ಇಟ್ಟರೆ ಮಾತ್ರ ಆ ಎರಡು ಅಕ್ಷರ ಬೇರೆಯಾಗಿ ನಿಲ್ಲುತ್ತವೆ. ಅದನ್ನು ಊರಿನ ಹೆಸರು ಬಂದಲ್ಲೆಲ್ಲ ಕೈಯಾರೆ ಇಟ್ಟೆ.

ಈ ಕೆಲಸದ ನಡುವೆ ಅಪ್ಪನ ಇನ್ನೊಂದು ಕಡತ ಸಿಕ್ಕಿತು: ನಮ್ಮೂರಿನ ಪಂಚಕೂಟ ಬಸದಿಯ ಶಾಸನಪಾಠ. ಸಾಂತರರ ಆಳ್ವಿಕೆಯಲ್ಲಿ ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಬಸದಿ ಅದು. ಕಲ್ಲಿನ ಮೇಲಿನ ಹಳೆಯ ಲಿಪಿಯನ್ನು ಊರಿನವರು ಓದಲಾರರು, ನಾನೂ ಓದಲಾರೆ. ಬಿ. ಎಲ್. ರೈಸ್ ಅವರ ಶಾಸನ ಸಂಪುಟ 1904ರಲ್ಲಿ ಸಾಗರ, ನಗರ, ತೀರ್ಥಹಳ್ಳಿ ಕಡೆಯ ಶಾಸನಗಳನ್ನು ಅಚ್ಚಿಗೆ ತಂದಿತು. ಆ ಅಚ್ಚಿನ ಪಾಠವನ್ನು ಅಪ್ಪ ಸಾಲುಸಾಲಾಗಿ ನುಡಿಗೆ ಇಳಿಸಿದ್ದರು. ಕಲ್ಲಿನಿಂದ ಅಚ್ಚಿಗೆ, ಅಚ್ಚಿನಿಂದ ನುಡಿಗೆ, ಈಗ ನುಡಿಯಿಂದ ಯೂನಿಕೋಡಿಗೆ ಅದೇ ಸಾಲುಗಳು ನನ್ನ ಬೆರಳಡಿ ಹಾದುಹೋದವು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆಯನ್ನು ಪಾಠಪುಸ್ತಕದಲ್ಲಿ ದಾನಶೀಲೆ ಎಂದು ಓದಿದ್ದೆ. ಅವಳು ಮಾಡಿದ್ದು ಕನ್ನಡದ ಅತಿ ದೊಡ್ಡ ಕಾಪಿಡುವ ಕೆಲಸ ಎಂದು ಈಗ ಅನ್ನಿಸುತ್ತದೆ. ಓಲೆಗೆ ಗೆದ್ದಲು ಹಿಡಿಯುತ್ತದೆ, ಬೆಂಕಿ ಬೀಳುತ್ತದೆ. ಸಾವಿರ ಕಡೆ ಇರುವುದು ಒಂದೇ ಸಲ ಅಳಿಯುವುದಿಲ್ಲ. ಜೈನರು ಶಾಸ್ತ್ರದಾನವನ್ನು ಆಹಾರ, ಔಷಧ, ಅಭಯದ ಜೊತೆಯಲ್ಲೇ ಎಣಿಸಿದ್ದು ಸುಮ್ಮನೆ ಅಲ್ಲ.

ಮಿಂಟ್ ಹಾಕಿದ್ದು ಇದೆಲ್ಲ ಮುಗಿದ ಮೇಲೆ. ಅದರ ಬಗ್ಗೆ ಹೇಳಬೇಕಾದ್ದು ಹೆಚ್ಚಿಲ್ಲ, ಸಂಜೆಯೊಳಗೆ ಕೆಲಸ ಮುಗಿಯಿತು. ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡ ಗಣಕ ಪರಿಷತ್ತಿನ ವಿನ್ಯಾಸ ಸಿಕ್ಕಿತು. ಬೆರಳುಗಳಿಗೆ ಹೊಸ ಪಾಠ ಬೇಕಾಗಲಿಲ್ಲ. ಅಮ್ಮನನ್ನು ಕೂರಿಸಿ ಅಪ್ಪನ ಕೆರೆಗಳ ಪಟ್ಟಿ ತೆರೆದೆ. ಕನ್ನಡಕ ಏರಿಸಿಕೊಂಡು ಓದುತ್ತಾ ಹೋದವರು ಒಂದು ಕಡೆ ನಿಂತು, "ಈ ಕೆರೆ ಹೆಸರು ಅವರು ತಪ್ಪು ಬರೆದಿದಾರೆ ನೋಡು, ನಮ್ಮ ತವರಿನ ಕಡೆ ಹಿಂಗೆ ಹೇಳೋದಿಲ್ಲ" ಎಂದರು. ಅಪ್ಪನ ಸಾಲು ಹಾಗೇ ಇಟ್ಟು, ಅದರ ಕೆಳಗೆ ಅಮ್ಮ ಹೇಳಿದ್ದನ್ನೂ ಅವರ ಮಾತಿನಲ್ಲೇ ಸೇರಿಸಿದೆ.

ನಮ್ಮ ಮನೆಯದು ಮುಗಿಯಿತೆಂದು ಸಮಾಧಾನಪಡುವ ಹಾಗಿಲ್ಲ. ಸಂಘಗಳ ನಡಾವಳಿ, ಶಾಲೆಗಳ ಸ್ಮರಣ ಸಂಚಿಕೆ, ಜಾತ್ರೆಯ ಲೆಕ್ಕ, ಊರಿನ ಇತಿಹಾಸ ಬರೆದ ಹವ್ಯಾಸಿಗಳ ಪುಸ್ತಕ, ಎಲ್ಲವೂ ಹೊಸನಗರ, ಸಾಗರ, ತೀರ್ಥಹಳ್ಳಿಗಳ ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್ ಫೈಲುಗಳಾಗಿ ಕೂತಿವೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದು ಓಡುವ ಯಂತ್ರ ಕೆಟ್ಟ ದಿನ ಆ ಫೈಲುಗಳ ಬಾಗಿಲು ತೆರೆಯುವುದು ಕಷ್ಟ. ಇದಕ್ಕೆ ಸರ್ಕಾರವೋ ವಿಶ್ವವಿದ್ಯಾಲಯವೋ ತಾಲ್ಲೂಕಿಗೊಬ್ಬರನ್ನು ನೇಮಿಸಿದರೂ ಸಾಲದು, ಆದರೆ ಯಾರಾದರೂ ತೊಡಗಬೇಕು. ನನಗೆ ಗುರುತಿರುವ ಅಂಗಡಿಯವರೊಬ್ಬರನ್ನು ಕೇಳಿದೆ. ಹಳೆಯ ಸಂಚಿಕೆಗಳ ಫೈಲುಗಳು ಇನ್ನೂ ಇವೆಯಂತೆ. ಮದುವೆ ಕಾಗದಗಳ ಗಡಿಬಿಡಿ ಮುಗಿದ ಮೇಲೆ ಹಾರ್ಡ್‌ಡಿಸ್ಕ್ ಹಿಡಿದುಕೊಂಡು ಬನ್ನಿ, ನುಡಿಯ ಯಾವ ಆವೃತ್ತಿಯಲ್ಲಿ ಮಾಡಿದ್ದು ಎಂಬುದನ್ನೂ ಬರೆದುಕೊಡುತ್ತೇನೆ ಎಂದಿದ್ದಾರೆ.