ಹಬ್ಬದ ಮನೆ

ಪಟ್ಟಣವಾಸಿಗಳಿಗೆ ದೀಪಾವಳಿಯೆಂದರೆ ಪಟಾಕಿಯ ಸದ್ದು; ಮಲೆನಾಡಿನವರಿಗೆ ಅದು ಗೋವಿನ ಹಬ್ಬ, ಬಲೀಂದ್ರನ ಹಬ್ಬ. ಭಾಗವತದ ಎಂಟನೆಯ ಸ್ಕಂಧದ ಕಥೆ ವಾಚಕರಿಗೆ ತಿಳಿದದ್ದೇ. ಸುತಲಕ್ಕೆ ಹೋದ ಬಲಿಚಕ್ರವರ್ತಿಯು ವರ್ಷಕ್ಕೊಮ್ಮೆ ತನ್ನ ಪ್ರಜೆಗಳನ್ನು ಕಾಣಲು ಬರುವನೆಂದು ಜನರ ನಂಬುಗೆ. ಅವನು ಬರುವ ವೇಳೆಗೆ ಮನೆಯು ಬರಿದಾಗಿರಬಾರದು. ಆದುದರಿಂದಲೇ ಎಲ್ಲೆಲ್ಲಿಯೋ ಚದರಿಹೋದ ಮಕ್ಕಳು ಮೊಮ್ಮಕ್ಕಳು ಆ ದಿನಗಳಲ್ಲಿ ಮೂಲಮನೆಯನ್ನು ಅರಸಿಕೊಂಡು ಬರುವುದು.

2023ನೆಯ ಇಸವಿಯಲ್ಲಿ ನರಕಚತುರ್ದಶಿಯು ನವೆಂಬರ್ 12ನೆಯ ತಾರೀಖು ಭಾನುವಾರ ಬಂದಿತು. ಬಲಿಪಾಡ್ಯವು 14, ಮಂಗಳವಾರ. ಚತುರ್ದಶಿಯ ಹಿಂದಿನ ದಿನ ಎರಡನೆಯ ಶನಿವಾರ. ನಡುವಣ ಸೋಮವಾರಕ್ಕೆ ಒಂದು ರಜೆಯ ಅರ್ಜಿಯನ್ನು ಬರೆದರೆ ನೌಕರಿಯವರಿಗೆ ನಾಲ್ಕು ದಿನ ಒಟ್ಟಿಗೆ ದೊರೆಯುವಂತಿತ್ತು. ಪಂಚಾಂಗಕ್ಕೂ ಸರಕಾರದ ರಜೆಯ ಪಟ್ಟಿಗೂ ಇಂತಹ ಒಮ್ಮತ ಅಪರೂಪ. ಸಾಗರ ಸೀಮೆಯ ಒಂದು ಅಡಿಕೆತೋಟದ ನೆತ್ತಿಯಲ್ಲಿರುವ ಹಳೆಯ ಮನೆಗೆ ಶನಿವಾರ ಸಂಜೆಯೊಳಗಾಗಿ 31 ಮಂದಿ ಬಂದು ಸೇರಿದರು. ಕೆಲವರು ತಾಳಗುಪ್ಪದ ರಾತ್ರಿಯ ರೈಲಿನಲ್ಲಿ, ಕೆಲವರು ಕಾರುಗಳಲ್ಲಿ. ಒಬ್ಬ ಅಳಿಯನಂತೂ ಶಿವಮೊಗ್ಗೆಗೆ ಆ ವರ್ಷವೇ ಆಗಸ್ಟ್ 31ರಂದು ಆರಂಭವಾದ ವಿಮಾನದಲ್ಲಿ ಬಂದಿಳಿದು, ಆ ವಿಷಯವನ್ನು ಎಲ್ಲರಿಗೂ ಎರಡೆರಡು ಸಾರಿ ಹೇಳಿದನು. ಉಳಿದ ಹನ್ನೊಂದು ತಿಂಗಳೂ ಆ ಮನೆಯಲ್ಲಿರುವವರು ಇಬ್ಬರೇ: ಎಪ್ಪತ್ತು ದಾಟಿದ ಯಜಮಾನರು ಮತ್ತು ಅವರ ಧರ್ಮಪತ್ನಿ, ಎಲ್ಲರಿಗೂ ಹಿರಿಯತ್ತಿಗೆ. ಕೊಟ್ಟಿಗೆಯಲ್ಲಿ ಒಂದು ಹಸು, ಅದರ ಕರು.

ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಬಾವಿಯ ನೀರು ಆಗಲೇ ಇಳಿದಿತ್ತು. ಆದರೂ ನೀರು ತುಂಬುವ ಹಬ್ಬಕ್ಕೆ ಕೊರತೆಯಾಗಲಿಲ್ಲ. ಹಂಡೆಯನ್ನು ಬೆಳಗಿ, ಕೊರಳಿಗೆ ಹಿಂಡಲೆಕಾಯಿಯ ಬಳ್ಳಿಯನ್ನು ಸುತ್ತಿ, ತುಂಬಿದ್ದಾಯಿತು. ಮರುದಿನ ಬೆಳಗಿನ ಝಾವದ ಅಭ್ಯಂಜನಕ್ಕೆ ಸಾಲು ನಿಂತವರಲ್ಲಿ ಕಡೆಯವನಿಗೆ ಬಿಸಿನೀರು ದೊರೆತಾಗ ಸೂರ್ಯನು ಬೆಟ್ಟವನ್ನೇರಿದ್ದನು.

ಹಬ್ಬದ ಭಾರವೆಲ್ಲ ಬಿದ್ದಿರುವುದು ಅಡಿಗೆಯ ಮನೆಯ ಮೇಲೆ. ಸೌತೆಕಾಯಿಯ ಕಡುಬು, ಹೋಳಿಗೆ, ಅಪ್ಪೆಹುಳಿ, ನಾಲ್ಕು ಬಗೆಯ ತಂಬುಳಿ. ಅದರ ನಡುವೆ ಹಳ್ಳಿಯ ಹವೆಯಿಂದ ಹಸಿವು ಹೆಚ್ಚಿದವರಿಗೆ ಗಳಿಗೆಗೊಮ್ಮೆ ದೋಸೆ. ವಿಶ್ರಾಂತಿಗೆಂದು ಹಳ್ಳಿಗೆ ಬರುವವರು ಅಲ್ಲಿರುವವರ ವಿಶ್ರಾಂತಿಯನ್ನು ಎರವಲು ಪಡೆಯುತ್ತಾರೆಂಬುದು ಅವರಿಗೆ ಹೊಳೆಯುವುದು ಕಡಿಮೆ. ಸಹಾಯಕ್ಕೆಂದು ಒಳಗೆ ಬಂದ ಏಳು ಮಂದಿ ಹೆಂಗಸರೂ ಒಳ್ಳೆಯ ಮನಸ್ಸಿನವರೇ, ಆದರೆ ಏಳು ಮಂದಿಯೂ “ಏಲಕ್ಕಿ ಎಲ್ಲಿದೆ ಅತ್ತಿಗೆ?” “ಜರಡಿ ಎಲ್ಲಿದೆ ಅತ್ತಿಗೆ?” ಎಂದು ಕೇಳುವವರೇ. ಹಿರಿಯತ್ತಿಗೆ ಒಲೆಯ ಮುಂದಿನಿಂದ ತಿರುಗದೆಯೇ, “ಎರಡನೆಯ ನಾಗಂದಿಗೆ, ಎಡದಿಂದ ಮೂರನೆಯ ಡಬ್ಬಿ” ಎಂದು ಉತ್ತರವಿತ್ತರು. ಅವರ ಜ್ಞಾಪಕಶಕ್ತಿಯನ್ನು ಎಲ್ಲರೂ ಹೊಗಳಿದರು.

ಅದರ ಮರ್ಮವನ್ನು ಕಂಡುಕೊಂಡವಳು ಒಂಬತ್ತು ವರ್ಷದ ಮೊಮ್ಮಗಳು. ಅಮಾವಾಸ್ಯೆಯ ಸಂಜೆ ಅಮ್ಮಮ್ಮನ ಜೊತೆಯಲ್ಲಿ ದೀಪಗಳಿಗೆ ಎಣ್ಣೆ ಹಾಕುತ್ತಿದ್ದವಳು ಒಮ್ಮೆಲೆ ಕೂಗಿಕೊಂಡಳು: “ಅಮ್ಮಮ್ಮ, ಅದು ಹತ್ತಿದೆ, ಬೆರಳು ಸುಡುತ್ತೆ!” ಅವರು ಬತ್ತಿಯನ್ನು ಬೆರಳಿನಿಂದ ತಡವಿ ಹುಡುಕುತ್ತಿದ್ದರು.

ಆ ಹೊತ್ತಿನಲ್ಲಿ ಜಗಲಿಯ ಮೇಲೆ ಗಂಡಸರು ಹಿಸ್ಸೆಯ ವಿಚಾರವನ್ನು ಎತ್ತಿದ್ದರು. ತೋಟಕ್ಕೆ ಎಲೆಚುಕ್ಕೆ ರೋಗ ತಗಲಿದೆ, ಬೆಲೆಯಿರುವಾಗಲೇ ಮಾರುವುದು ಲೇಸೆಂದು ಒಬ್ಬರು; ಮೂಲಮನೆಯನ್ನು ಮಾರಬಾರದೆಂದು, ಅಲ್ಲಿ ವಾಸಮಾಡುವ ಉದ್ದೇಶವೇ ಇಲ್ಲದ ಇನ್ನೊಬ್ಬರು. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಜನ್ಮಸಿದ್ಧವಾದ ಹಕ್ಕನ್ನು ಕೊಟ್ಟ ಶಾಸನಗಳೂ ಚರ್ಚೆಗೆ ಬಂದವು. ಭೂಮಿಯ ಮಾತಿಗೆ ಕಾಫಿಯ ಮೇಲೆ ಕಾಫಿ ಬೇಕಷ್ಟೆ! ಆರು ಲೋಟಗಳನ್ನು ತಂದಿಟ್ಟು ಹಿರಿಯತ್ತಿಗೆ ಗೋಡೆಯನ್ನು ಸವರುತ್ತ ಒಳಗೆ ಹೋದುದನ್ನು ಯಾರೂ ಗಮನಿಸಲಿಲ್ಲ.

ಪಾಡ್ಯದ ಬೆಳಿಗ್ಗೆ ಗೋಪೂಜೆ. ಹಿಂದೆ ಆ ಕೊಟ್ಟಿಗೆಯಲ್ಲಿ ಮಲೆನಾಡ ಗಿಡ್ಡ ತಳಿಯ ಹದಿನಾಲ್ಕು ರಾಸುಗಳಿದ್ದುವು; ಅವುಗಳಿಗೆ ಕೆಮ್ಮಣ್ಣು ಜೇಡಿಗಳ ಚಿತ್ರ ಬರೆದು, ಅಡಿಕೆಯ ಸರವನ್ನೂ ಚೆಂಡುಹೂವಿನ ಮಾಲೆಯನ್ನೂ ಹಾಕಿ ಬಿಟ್ಟರೆ, ಆ ಸರಗಳನ್ನು ಕಿತ್ತುಕೊಳ್ಳಲು ಊರ ಹುಡುಗರೆಲ್ಲ ಹಿಂದೆ ಓಡುತ್ತಿದ್ದರು. ಈಗ ಒಂದೇ ಹಸು, ಅದರ ಸುತ್ತ ಫೋನು ಹಿಡಿದ ಇಪ್ಪತ್ತು ಜನ. ಬೆದರಿದ ಪಶು ಹಗ್ಗವನ್ನು ಜಗ್ಗಿತು. ಹಿರಿಯತ್ತಿಗೆ ಬಂದು ಕೊರಳಿನ ಮೇಲೆ ಕೈಯಿಟ್ಟು ಏನನ್ನೋ ಗೊಣಗಿದ ಮೇಲೆಯೇ ಅದು ನಿಂತುದು. ಆಗ ಮೊಮ್ಮಗಳು ಸಂಜೆಯ ಸಂಗತಿಯನ್ನು ಎಲ್ಲರ ಮುಂದೆ ಹೇಳಿಬಿಟ್ಟಳು.

ಯಜಮಾನರು ತಲೆ ತಗ್ಗಿಸಿ ನಿಜವನ್ನು ತಿಳಿಸಿದರು. ಎರಡು ಕಣ್ಣಿಗೂ ಪೊರೆ. ತೆಗೆಸಬೇಕೆಂದು ಶಿವಮೊಗ್ಗೆಯ ವೈದ್ಯರು ಹೇಳಿ ಎರಡು ವರ್ಷವಾಗಿತ್ತು. ಶಸ್ತ್ರಕ್ರಿಯೆಯೇನೂ ದೊಡ್ಡದಲ್ಲ, ಅರ್ಧ ಘಂಟೆಯ ಕೆಲಸ, ಅದೇ ದಿನ ಮನೆಗೆ ಬರಬಹುದು. ತೊಡಕಿರುವುದು ಆಮೇಲಿನ ವಾರಗಳಲ್ಲಿ: ಕಣ್ಣಿಗೆ ಒಲೆಯ ಹೊಗೆ ತಾಕಬಾರದು, ಧೂಳು ಬೀಳಬಾರದು, ನೀರು ಸಿಡಿಯಬಾರದು. ಒಂದು ಕಣ್ಣಾದ ಬಳಿಕ ಮತ್ತೊಂದು. ಅಷ್ಟು ಕಾಲ ಕೊಟ್ಟಿಗೆಗೆ ಹೋಗುವವರಾರು? ಯಜಮಾನರ ಕೈಬೆರಳುಗಳು ವಾಯುವಿನಿಂದ ಮಡಿಸಲಾರವು. ಹಸುವನ್ನು ಕೊಟ್ಟುಬಿಡೋಣವೆಂದರೆ ಆಕೆ ಒಪ್ಪಿರಲಿಲ್ಲ. “ಗೋವಿಲ್ಲದ ಮನೆಗೆ ಇವರೆಲ್ಲ ಯಾತಕ್ಕೆ ಬರಬೇಕು?” ಎಂದಿದ್ದರಂತೆ.

ಆ ರಾತ್ರಿ ಅಂಟಿಗೆ ಪಂಟಿಗೆಯವರು ಹಾಡುತ್ತ ದೀಪವನ್ನು ತಂದರು. ಹಿರಿಯತ್ತಿಗೆಯೇ ಎಣ್ಣೆಯನ್ನೆರೆದರು, ಮೊಮ್ಮಗಳು ಅವರ ಕೈಯನ್ನು ಹಿಡಿದಿದ್ದಳು. ಅವರು ಮುಂದಿನ ಮನೆಗೆ ಹೋದ ಮೇಲೆ ಯಜಮಾನರ ತಂಗಿ ಜಗಲಿಗೆ ಬಂದು ನಿಂತರು. “ಅಣ್ಣಂದಿರೇ, ಹಿಸ್ಸೆಯ ಮಾತು ಯುಗಾದಿಗೆ ಆಗಲಿ. ನನ್ನ ಸಹಿ ಎಲ್ಲಿಗೂ ಓಡಿಹೋಗುವುದಿಲ್ಲ. ಈಗ ತಿಂಗಳನ್ನು ಹಂಚಿಕೊಳ್ಳೋಣ. ಅಡಿಗೆ ನನ್ನದು. ಕೊಟ್ಟಿಗೆ ಯಾರದು?”

ಜಗಲಿಯಲ್ಲಿ ಮೌನ. ಇಬ್ಬರು ತಮ್ಮಂದಿರು ಆಳಿನ ಸಂಬಳವನ್ನು ತಾವು ಕೊಡುವುದಾಗಿ ಹೇಳಿದರು. ಹಾಲು ಹಿಂಡುವ ಆಳು ಆ ಊರಿನಲ್ಲಿ ಸಿಕ್ಕುವುದಿಲ್ಲವೆಂಬುದು ಅವರಿಗೂ ತಿಳಿದಿತ್ತು. ಕೊನೆಗೆ ಮಾತನಾಡಿದವನು ಕಿರಿಯ ತಮ್ಮನ ಮಗ. ಕಂಪ್ಯೂಟರಿನ ಮುಂದೆ ಮನೆಯಲ್ಲಿಯೇ ಕುಳಿತು ಬೆಂಗಳೂರಿನ ಕೆಲಸವನ್ನು ಮಾಡುವವನು. “ದೊಡ್ಡಮ್ಮ ಕಲಿಸಿದರೆ ನಾನಿರುತ್ತೇನೆ” ಎಂದನು. ಅವನ ತಾಯಿ ನಕ್ಕರು, ಅವನು ನಗಲಿಲ್ಲ.

ಬುಧವಾರ ಮುಂಜಾನೆ ಕಾರುಗಳು ಒಂದರ ಹಿಂದೊಂದು ಇಳಿದುಹೋದುವು. ಕೊಟ್ಟಿಗೆಯಲ್ಲಿ ಹಿರಿಯತ್ತಿಗೆ ಮಣೆಯ ಪಕ್ಕದಲ್ಲಿ ಕುಳಿತು, ಕರುವನ್ನು ಎಷ್ಟು ಹೊತ್ತು ಬಿಡಬೇಕು, ಬೆರಳಿಗೆ ಎಷ್ಟು ಬೆಣ್ಣೆ ಸವರಿಕೊಳ್ಳಬೇಕು, ಹಸು ಎಡಗಾಲನ್ನು ಎತ್ತುವ ಮೊದಲು ಕಿವಿಯನ್ನು ಹೇಗೆ ಆಡಿಸುವುದು ಎಂಬುದನ್ನೆಲ್ಲ ಹೇಳಿಕೊಟ್ಟರು. ಮೊದಲ ದಿನ ಹುಡುಗನಿಗೆ ದೊರೆತುದು ಅರ್ಧ ಲೋಟ ಹಾಲು. ಮಿಕ್ಕುದನ್ನು ಹಸು ಹಿರಿಯತ್ತಿಗೆಗೇ ಕೊಟ್ಟಿತು. ಶಿವಮೊಗ್ಗೆಗೆ ಹೊರಡುವುದು ಮುಂದಿನ ಬುಧವಾರವೆಂದು ಗೊತ್ತಾಯಿತು. ಅವನಿಗೆ ಇನ್ನೂ ಏಳು ದಿನಗಳಿದ್ದುವು.