ಗೋಳಗುಮ್ಮಟ ಬಿಟ್ಟು ನಾಲ್ಕು ಹೆಜ್ಜೆ ಆಚೆ...

ವಿಜಯಪುರಕ್ಕೆ ಹೋದವರೆಲ್ಲ ಮಾಡುವುದು ಒಂದೇ ಕೆಲಸ. ಗೋಳಗುಮ್ಮಟ ಹತ್ತುವುದು, ತಮ್ಮ ಮೆಚ್ಚಿನ ಹೀರೋ ಹೆಸರು ಕೂಗುವುದು, ಅದು ಮತ್ತೆ ಮತ್ತೆ ತಿರುಗಿ ಬಂದಾಗ ಚಪ್ಪಾಳೆ ತಟ್ಟುವುದು, ರಾತ್ರಿ ಬಸ್ಸಿಗೆ ಬೆಂಗಳೂರು! ನಾನೂ ಅದೇ ಗುಂಪಿನವನೇ ಎನ್ನಿ. ಈ ಸಲ ಮಾತ್ರ ಸ್ಟ್ಯಾಂಡಿನಲ್ಲಿ ಮನಸ್ಸು ಬದಲಾಯಿಸಿ ಇಂಡಿ ಬಸ್ಸು ಹತ್ತಿಬಿಟ್ಟೆ.

ಕಾರಣ ಹಾಡು. ನಮ್ಮ ಸಿನಿಮಾದಲ್ಲಿ ಹಳ್ಳಿ ಹುಡುಗಿ ಹಾಡಬೇಕಾದರೆ ಒಂದು ಜಾನಪದ ಧಾಟಿ ಬೇಕೇ ಬೇಕು. ಟೈಟಲ್ಲಿನಲ್ಲಿ 'ಸಾಹಿತ್ಯ: ಜನಪದ' ಅಂತ ಹಾಕಿದರೆ ಮುಗೀತು. ಆ ಜನಪದ ಅನ್ನೋರು ಯಾರು, ಅವರ ಮನೆ ಎಲ್ಲಿ? ನಾನು ಒಂದು ದಿನವೂ ಕೇಳಿದವನಲ್ಲ!

ಹಲಸಂಗಿಯಲ್ಲಿ ಸ್ವಲ್ಪ ಗೊತ್ತಾಯಿತು. ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದ ಊರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಗೆಳೆಯರು, ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ತ್ರಿಪದಿಗಳನ್ನು ಕೂಡಿಹಾಕಿದರು. 1931ರಲ್ಲಿ 'ಗರತಿಯ ಹಾಡು' ಬಂತು, 1933ರಲ್ಲಿ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ'. ಟೇಪ್ ರೆಕಾರ್ಡರ್ ಇಲ್ಲದ ಕಾಲ. ಕಿವಿ ಮತ್ತು ಪೆನ್ಸಿಲ್ಲು ಅಷ್ಟೆ.

ನನ್ನ ಜೇಬಿನಲ್ಲಿ ಮೊಬೈಲ್ ಇತ್ತಲ್ಲ! ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯ ಮುಂದೆ ಹಿಡಿದು, "ಅಮ್ಮಾ, ಒಂದು ಬೀಸೋ ಹಾಡು ಹೇಳಿ" ಅಂದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಾಡು ಸುಮ್ಮ ಬರ್ತದೇನೋ ತಮ್ಮಾ? ಕಲ್ಲು ತಿರಗಬೇಕು, ಅಂದ್ರ ಬಾಯಿ ತಿರಗತದ. ಗಿರಣಿ ಬಂದಿಂದ ಕಲ್ಲು ಹಿತ್ತಲದಾಗ ಬಿದ್ದದ." ಆಮೇಲೆ ಪಾಪ ಅನ್ನಿಸಿತೋ ಏನೋ, ತೊಡೆಯ ಮೇಲೆ ಅಂಗೈ ತಿರುಗಿಸುತ್ತಾ ಶುರುಮಾಡಿದಳು. ಎರಡು ಸಾಲು ಬಂತು. ಮೂರನೆಯದು ಬರಲಿಲ್ಲ. "ಮರತೆ ನೋಡಪಾ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಇಂಡಿಯ ಹತ್ತಿರವೇ ಸಾಲೋಟಗಿ. ಅಲ್ಲಿ ಕ್ರಿ.ಶ. 945ರ ಶಾಸನ ಸಿಕ್ಕಿತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯ ಸಮಾಚಾರ ಅದರಲ್ಲಿದೆ. ದೂರದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆ! ಊರಲ್ಲಿ ಮದುವೆಯಾದರೆ ಶಾಲೆಗೆ ಇಷ್ಟು ಕಾಣಿಕೆ, ಮುಂಜಿಯಾದರೆ ಅದರರ್ಧ. ಹಾಸ್ಟೆಲ್ ಸೀಟಿಗೆ ಅಲೆದಾಡಿದ ಮಿತ್ರರು ಇದನ್ನು ಎರಡು ಸಲ ಓದಬೇಕು.

ಸಿಂದಗಿಯಲ್ಲಿ ಚಹಾ ಕುಡಿಯುವಷ್ಟೇ ಹೊತ್ತು. ವಚನ ಸಂಶೋಧಕ ಎಂ. ಎಂ. ಕಲಬುರ್ಗಿ (1938–2015) ಈ ತಾಲ್ಲೂಕಿನವರು. 2015ರ ಆಗಸ್ಟ್ 30ರಂದು ಧಾರವಾಡದ ಮನೆಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಚಹಾ ರುಚಿಸಲಿಲ್ಲ.

ಮುದ್ದೇಬಿಹಾಳದ ಕಡೆ ಹೊರಟಾಗ ತಾಳಿಕೋಟಿ ಸಿಕ್ಕಿತು. ಶಾಲೆಯಲ್ಲಿ ಉರುಹೊಡೆದ ಯುದ್ಧ! ಆದರೆ ಇಲ್ಲಿ ಸುಲ್ತಾನರ ದಂಡು ಬೀಡುಬಿಟ್ಟಿತ್ತು ಅಷ್ಟೆ. 1565ರ ಜನವರಿ 23ರ ಕಾಳಗಕ್ಕೆ ರಕ್ಕಸಗಿ–ತಂಗಡಗಿ ಎಂದೇ ಈ ಕಡೆ ಹೆಸರು. ತಂಗಡಗಿಯಲ್ಲಿ ಕೃಷ್ಣೆ ತಣ್ಣಗೆ ಹರಿಯುತ್ತಿದ್ದಳು. ನಾನು ಕೂಗಿ ಸಂತೋಷಪಟ್ಟ ಗೋಳಗುಮ್ಮಟ ಎದ್ದದ್ದು ಮುಂದಿನ ಶತಮಾನದಲ್ಲಿ. ಆ ಗೆಲುವಿನ ಸಂಪತ್ತಿನಲ್ಲೇ ಅಲ್ಲವೇ ವಿಜಯಪುರ ಬೆಳೆದದ್ದು? ಅಳಿಯ ರಾಮರಾಯನ ತಲೆ ಬಿದ್ದ ಕಡೆ ನಿಂತು ಯಾರ ಹೆಸರನ್ನೂ ಕೂಗಬೇಕೆನಿಸಲಿಲ್ಲ.

ಕೊನೆಗೆ ಬಸವನ ಬಾಗೇವಾಡಿ. ಬಸವಣ್ಣನೆಂದರೆ ನನ್ನ ಕಣ್ಣಿಗೆ ಬರುತ್ತಿದ್ದದ್ದು 1959ರ 'ಜಗಜ್ಯೋತಿ ಬಸವೇಶ್ವರ'ದ ಹೊನ್ನಪ್ಪ ಭಾಗವತರ್. ಅದರಲ್ಲಿ ರಾಜಕುಮಾರ್ ಬಿಜ್ಜಳ, ಹಾಗಾಗಿ ನಾನು ಬಿಜ್ಜಳನ ಪಾರ್ಟಿ! ಇಲ್ಲಿ ಗುಡಿಯ ಹಳೆಯ ಚಾಲುಕ್ಯ ಕಂಬಗಳ ನಡುವೆ ಒಂದು ಹೆಂಗಸು ತೊಟ್ಟಿಲ ಕೂಸಿನಂಥ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಏನೋ ಗುನುಗುತ್ತಿದ್ದಳು. ಹತ್ತಿರ ಹೋದರೆ ನಿಲ್ಲಿಸಿಬಿಟ್ಟಾಳು ಎಂದು ದೂರವೇ ಕೂತೆ. ಮೊಬೈಲ್ ತೆಗೆಯಲಿಲ್ಲ.

ರಾತ್ರಿ ಬಸ್ಸಿನಲ್ಲಿ ಹಲಸಂಗಿಯ ರೆಕಾರ್ಡಿಂಗ್ ಕಿವಿಗಿಟ್ಟುಕೊಂಡೆ. ಎರಡು ಸಾಲು, ಒಂದು ಬೈಕಿನ ಹಾರ್ನು, ಆಮೇಲೆ ಸೀರೆಯ ಮೇಲೆ ತಿರುಗುವ ಅಂಗೈಯ ಸಪ್ಪಳ.